ಖಾಯಂ ನೌಕರರ ನೀರು

ಬಕೆಟ್ ಹಿಡಿಯುವವರಿಗೆ ಆ ಅಣುಸ್ಥಾವರದಲ್ಲಿ ಬರವಿರಲಿಲ್ಲ. ಸಣ್ಣ ಸಾಹೇಬರು ದೊಡ್ಡ ಸಾಹೇಬರಿಗೆ ಹಿಡಿಯುತ್ತಿದ್ದರು. ದೊಡ್ಡ ಸಾಹೇಬರು ತಮಗಿಂತ ದೊಡ್ಡವರಿಗೆ ಹಿಡಿಯುತ್ತಿದ್ದರು. ಆದರೆ ಪ್ಲಾಸ್ಟಿಕ್ಕಿನ, ತುಂಬಿದರೆ ಹೆಗಲು ಕಿತ್ತುಬರುವ, ನಿಜವಾದ ಬಕೆಟ್ ಹಿಡಿಯುತ್ತಿದ್ದವಳು ಇವಳೊಬ್ಬಳೇ. ಅದಕ್ಕೇ ಅವಳ ಹೆಸರು ಬಕೆಟ್ ಎಂದಾಯಿತು. ಗೇಟಿನ ಕಾವಲುಗಾರ ಹಾಗೇ ಕೂಗುತ್ತಿದ್ದ, ಲ್ಯಾಬಿನವರೂ ಹಾಗೇ ಕೂಗುತ್ತಿದ್ದರು. ಮಿಕ್ಕವರಿಗೆ ಹಿಡಿದದ್ದಕ್ಕೆ ಬಡ್ತಿ ಸಿಕ್ಕಿತು. ಇವಳಿಗೆ ಕಾಲಿನ ಹುಣ್ಣು ಸಿಕ್ಕಿತು.

ಕೆಲಸ ಹೀಗಿತ್ತು. ಸ್ಥಾವರ ಒಂದು ಕಡೆಯಿಂದ ಸಮುದ್ರದ ನೀರನ್ನು ಎಳೆದುಕೊಳ್ಳುತ್ತದೆ. ಒಳಗಿನ ಬಿಸಿಯನ್ನು ಅದಕ್ಕೆ ಒಪ್ಪಿಸುತ್ತದೆ. ಕಾದ ನೀರನ್ನು ಇನ್ನೊಂದು ಕಡೆಯ ಕಾಲುವೆಗೆ ಉಗುಳುತ್ತದೆ. ಉಗುಳುವ ನೀರು ಎಳೆದುಕೊಂಡ ನೀರಿಗಿಂತ ಏಳು ಡಿಗ್ರಿ ಮೀರಿ ಬಿಸಿಯಿರಬಾರದು ಎಂದು ನಿಯಮ. ಅಳೆಯಲಿಕ್ಕೆ ಕಾಲುವೆಯಲ್ಲೇ ಒಂದು ಯಂತ್ರ ನೆಟ್ಟಿದ್ದರು. ಅದು ರಿಪೇರಿಯಲ್ಲಿತ್ತು. ಹುಟ್ಟಿದಾಗಿನಿಂದಲೂ ರಿಪೇರಿಯಲ್ಲೇ ಇತ್ತು. ಅದರ ತಂತಿಯ ಮೇಲೆ ಕಾಗೆ ಕೂತು ಹಿಕ್ಕೆ ಹಾಕುತ್ತಿತ್ತು. ಆ ಯಂತ್ರದಿಂದ ಆದ ಉಪಯೋಗ ಅಷ್ಟೇ.

ಹಾಗಾಗಿ ಯಾರಾದರೂ ಪಾಚಿಗಟ್ಟಿದ ಮೆಟ್ಟಿಲಿಳಿದು, ತೊಡೆಮಟ್ಟದ ನೀರಿನಲ್ಲಿ ನಿಂತು, ಹರಿವಿನ ನಡುವಿನಿಂದ ಬಕೆಟ್ ತುಂಬಿಸಿ ಲ್ಯಾಬಿಗೆ ಹೊರಬೇಕಿತ್ತು. ಥರ್ಮಾಮೀಟರ್ ಮಾತ್ರ ಲ್ಯಾಬ್ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಗಾಜಿನದು, ಮೆಟ್ಟಿಲ ಮೇಲೆ ಜಾರಿದರೆ ಒಡೆದುಹೋಗುತ್ತದೆ ಎನ್ನುತ್ತಿದ್ದರು. ಬಕೆಟ್ ಜಾರಿದರೆ ಏನು ಒಡೆಯುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಕಾಲುವೆಯಿಂದ ಲ್ಯಾಬಿಗೆ ದಾರಿ ದೂರ. ಪಂಪ್‌ಹೌಸಿನ ಹಿಂದಿನಿಂದ ಹಾದು, ಗೋಡೆಯ ನೆರಳಿನಲ್ಲಿ ನಡೆದು, ಗೋದಾಮು ಸುತ್ತಿ ಬರಬೇಕು. ಅಷ್ಟರಲ್ಲಿ ಅವಳ ಮೈ ಕಾಯುತ್ತಿತ್ತು, ನೀರು ತಣಿಯುತ್ತಿತ್ತು. ಲ್ಯಾಬಿನ ಎಸಿ ಕೋಣೆಯಲ್ಲಿ ಇನ್ನಷ್ಟು ಹೊತ್ತು ಅದಕ್ಕೆ ವಿಶ್ರಾಂತಿ. ಹೊತ್ತವಳು ಹೊರಗೆ ನಿಂತಿರುತ್ತಿದ್ದಳು, ನೀರು ಒಳಗೆ ಕೂತಿರುತ್ತಿತ್ತು. ಆಮೇಲೆ ಲ್ಯಾಬಿನ ಯಜಮಾನ ಎರಡು ಬೆರಳಲ್ಲಿ ಥರ್ಮಾಮೀಟರ್ ಹಿಡಿದು ಅದ್ದುತ್ತಿದ್ದ, ಬರೆದುಕೊಳ್ಳುತ್ತಿದ್ದ, ಎದ್ದು ಹೋಗಿ ಕೈ ತೊಳೆದುಕೊಳ್ಳುತ್ತಿದ್ದ.

ಅವನಿಗೆ ಇಸ್ತ್ರಿ ಎಂದು ಹೆಸರಿಟ್ಟವಳು ಅವಳೇ. ಅವನ ಪ್ಯಾಂಟಿನ ಗೆರೆಯಲ್ಲಿ ಈರುಳ್ಳಿ ಹೆಚ್ಚಬಹುದಿತ್ತು. ಪರಿಸರ ವಿಭಾಗದ ಮುಖ್ಯಸ್ಥ ಎಂದು ಬಾಗಿಲ ಮೇಲೆ ಬರೆದಿತ್ತು. ಕಾಲುವೆಯ ಮೆಟ್ಟಿಲನ್ನು ಅವನು ದೂರದಿಂದ ನೋಡಿದ್ದ. ಸಮುದ್ರವನ್ನು ಕ್ಯಾಲೆಂಡರಿನಲ್ಲಿ ನೋಡಿದ್ದ.

ಲ್ಯಾಬಿನ ಮೊಗಸಾಲೆಯಲ್ಲಿ ತಣ್ಣೀರಿನ ಕೂಲರ್ ಇತ್ತು. ಅದರ ಹಣೆಯ ಮೇಲೆ ‘ಖಾಯಂ ನೌಕರರಿಗೆ ಮಾತ್ರ’ ಎಂದು ಚೀಟಿ ಅಂಟಿಸಿದ್ದರು. ಗುತ್ತಿಗೆಯವರಿಗೆ ಗೇಟಿನ ಬಳಿ ಕಬ್ಬಿಣದ ಡ್ರಮ್ಮು, ಬಿಸಿಲಿನಲ್ಲಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಚೀಟಿ ಓದದೆ ಕೂಲರಿನ ನಲ್ಲಿಗೆ ಬೊಗಸೆಯೊಡ್ಡಿ ಕುಡಿದಿದ್ದಳು. ಇಸ್ತ್ರಿ ಹಿಂದೆ ಬಂದು ನಿಂತ. ಬೈಯಲಿಲ್ಲ. ಅವಳ ಕೈಗೆ ಸೋಪು ಕೊಟ್ಟು, ಮೂರು ಜನ ಗುಮಾಸ್ತರ ಎದುರಿಗೆ, ಅವಳಿಂದಲೇ ಆ ನಲ್ಲಿಯನ್ನು ತೊಳೆಸಿದ. ಅವಳು ಮುಟ್ಟಿದ್ದನ್ನು ಅವಳೇ ಮುಟ್ಟಿ ತೊಳೆದರೆ ಅದು ಹೇಗೆ ಶುದ್ಧವಾಗುತ್ತದೋ, ಆ ವಿಜ್ಞಾನ ಅವನಿಗೇ ಗೊತ್ತು.

“ಬಾಯಾರಿದ್ರೆ ಗೇಟ್ ಹತ್ರ ಡ್ರಮ್ ಇದೆ,” ಎಂದಿದ್ದ.

ಬೇಸಿಗೆ ಬಂದಾಗ ಗೋಡೆಯ ನೆರಳು ಸಾಲದಾಯಿತು, ಎಸಿ ಸಾಲದಾಯಿತು. ಥರ್ಮಾಮೀಟರ್ ಇಳಿಯಲು ಒಪ್ಪಲಿಲ್ಲ. ಆಗ ಇಸ್ತ್ರಿ ಒಂದು ಸ್ಟೀಲಿನ ಜಗ್ಗು ತಂದ. ಅದೇ ಕೂಲರಿನಿಂದ ತುಂಬಿಸಿದ. ಅವಳ ಕೈಗಿಟ್ಟು ಗೋಡೆಯ ಕಡೆ ಮುಖ ತಿರುಗಿಸಿ ನಿಂತ.

“ನೀರಿಗೆ ಸ್ವಲ್ಪ ಸಮಾಧಾನ ಮಾಡು,” ಎಂದ.

ಅವಳು ಬಕೆಟ್ಟಿನಿಂದ ಒಂದಿಷ್ಟು ಚೆಲ್ಲಿ ಜಗ್ಗನ್ನು ಸುರಿದಳು. ನೀರಿಗೆ ಸಮಾಧಾನವಾಯಿತು. ಅವನಿಗೂ ಸಮಾಧಾನವಾಯಿತು. ಅಂದಿನಿಂದ ಅದೇ ಪದ್ಧತಿ. ಜಗ್ಗಿನ ಹೊರಮೈಯಲ್ಲಿ ಹನಿಗಟ್ಟುತ್ತಿತ್ತು. ಹಿಡಿದ ಕೈ ತಣ್ಣಗಾಗುತ್ತಿತ್ತು. ಗಂಟಲು ಒಣಗಿರುತ್ತಿತ್ತು. ಬಕೆಟ್ಟಿನ ಬಾಯಿಗೆ ಸಿಗುತ್ತಿದ್ದ ನೀರು ಬಕೆಟ್ ಎಂಬ ಹೆಂಗಸಿನ ಬಾಯಿಗೆ ಸಿಗುತ್ತಿರಲಿಲ್ಲ. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಸಾಹೇಬರ ಹುಚ್ಚು ಸಾಹೇಬರಿಗೆ, ತಿಂಗಳ ಕೂಲಿ ತನಗೆ. ಗಂಡ ದೂರದ ದೋಣಿಯೊಂದರಲ್ಲಿ ಬಲೆ ಎಳೆಯುತ್ತಿದ್ದ. ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ.

ಕಾಲಿನ ಚರ್ಮ ಮೊದಲು ಬೆಳ್ಳಗಾಯಿತು, ಆಮೇಲೆ ಸುಲಿಯಿತು. ಕೊಳವೆಗಳಲ್ಲಿ ಚಿಪ್ಪು, ಪಾಚಿ ಬೆಳೆಯದಿರಲಿ ಎಂದು ನೀರಿಗೆ ಕ್ಲೋರಿನ್ ಬೆರೆಸುತ್ತಿದ್ದರು. ಬೆರೆಸಿದ ದಿನ ಕಣ್ಣು ಉರಿಯುತ್ತಿತ್ತು, ಬೆರಳ ಸಂದು ಬಿರಿಯುತ್ತಿತ್ತು. ಕಂಪನಿಯ ಡಾಕ್ಟರ್ ಮೇಜಿನಾಚೆಯಿಂದಲೇ ಕಾಲು ನೋಡಿದ. ಸ್ನಾನ ಮಾಡ್ತೀಯಾ ಎಂದು ಕೇಳಿದ. ನಿಮ್ಮ ಜನಕ್ಕೆ ಸ್ನಾನ ಅಂದ್ರೆ ಆಗಲ್ಲ, ಅದೇ ನಿಮ್ಮ ಕಾಯಿಲೆ, ದಿನಾ ಸ್ನಾನ ಮಾಡು ಎಂದು ಹೇಳಿ ಬಿಳಿ ಪುಡಿಯೊಂದನ್ನು ಕೊಟ್ಟು ಕಳಿಸಿದ.

ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ ಕೆಮ್ಮು ಬರುವವರೆಗೆ ನಕ್ಕಳು. “ದಿನವಿಡೀ ನೀರಲ್ಲಿ ನಿಲ್ಲೋಳಿಗೆ ಸ್ನಾನ ಮಾಡು ಅಂದ್ನಾ? ನಾಳೆ ಮೀನಿಗೂ ಹೇಳ್ತಾನೆ ನೋಡು.”

ಅತ್ತೆಯ ಬಾಯಿಗೆ ಕೇರಿಯೇ ಹೆದರುತ್ತಿತ್ತು. ಕೇರಿ ಇದ್ದದ್ದು ಕಾಲುವೆ ಸಮುದ್ರ ಸೇರುವ ಬಾಯಲ್ಲಿ. ಅಲ್ಲಿಯ ಹೆಂಗಸರು ಬಂಡೆಗೆ ಅಂಟಿದ ಚಿಪ್ಪನ್ನು ಮೊಂಡು ಚಾಕುವಿನಿಂದ ಎಬ್ಬಿಸಿ, ಒಳಗಿನ ಮಾಂಸ ತೆಗೆದು ಮಾರುವವರು. ಊರಿನವರು ಏನೂ ದಕ್ಕದಿದ್ದರೆ ಕೈಗೆ ಚಿಪ್ಪು ಬಂತು ಎನ್ನುತ್ತಾರೆ. ಈ ಕೇರಿಗೆ ಕೈಗೆ ಚಿಪ್ಪು ಬಂದರೇನೇ ಊಟ. ಈಗ ಅದೂ ಬರುತ್ತಿರಲಿಲ್ಲ. ಬಂಡೆಯ ಮೇಲಿನ ಚಿಪ್ಪುಗಳೆಲ್ಲ ಬಾಯಿ ಕಿಸಿದುಕೊಂಡು ಸತ್ತಿದ್ದವು. ಗಾಳಿ ಇತ್ತ ಬೀಸಿದರೆ ಮನೆಯೊಳಗೂ ಮೂಗು ಮುಚ್ಚಿಕೊಳ್ಳಬೇಕು. ಮೀನು ಬುದ್ಧಿವಂತ ಪ್ರಾಣಿ, ಮೊದಲೇ ಊರು ಬಿಟ್ಟಿತ್ತು. ಚಿಪ್ಪಿಗೆ ಕಾಲಿಲ್ಲ, ಅಂಟಿಕೊಂಡಲ್ಲೇ ಬೆಂದಿತು. ಅದೂ ಈ ಕೇರಿಯವರಂತೆಯೇ.

ಒಂದು ದಿನ ಸ್ಥಾವರದ ಜೀಪು ಬಂತು. ಸಭೆ ಕರೆದರು. ಬಲೆ ಹೊಲಿಯುವ ಚಪ್ಪರದಲ್ಲಿ ಕುರ್ಚಿ ಹಾಕಿದರು, ಕುರ್ಚಿ ಬಂದವರಿಗೆ, ನೆಲ ಕೇರಿಗೆ. ಚಿಪ್ಪು ಸತ್ತದ್ದು ಕೇರಿಯ ಕೊಳಕಿನಿಂದ ಎಂದು ತಜ್ಞರು ತೀರ್ಮಾನಿಸಿದ್ದಾರೆ ಎಂದು ಓದಿ ಹೇಳಿದರು. ಕೇರಿಯ ಮೋರಿ ಸಮುದ್ರಕ್ಕೆ ಹೋಗುತ್ತದಂತೆ. ದಡದ ಆರೋಗ್ಯಕ್ಕಾಗಿ ಕೇರಿಯನ್ನು ಎತ್ತಿ ಒಳನಾಡಿಗೆ, ಹಳೆಯ ಕಲ್ಲುಗಣಿಯ ಪಕ್ಕಕ್ಕೆ ಹಾಕುತ್ತಾರಂತೆ. ಅಲ್ಲಿ ಸಮುದ್ರ ಇಲ್ಲವಲ್ಲ ಎಂದು ಯಾರೋ ಕೇಳಿದರು. ಗಾಳಿ ಚೆನ್ನಾಗಿದೆ ಎಂದರು.

ಅತ್ತೆ ಎದ್ದು ನಿಂತು, ಅಜ್ಜಂದಿರ ಕಾಲದಿಂದ ಇಲ್ಲೇ ಹೇತಿದ್ದೇವೆ, ಆಗ ಸಾಯದ ಚಿಪ್ಪು ಈಗ ಯಾಕೆ ಸಾಯ್ತದೆ, ಈಗ ನಾವೇನು ಬೆಂಕಿ ಹೇಲ್ತೀವಾ ಎಂದು ಕೇಳಿದಳು. ಹೆಂಗಸರು ಸೆರಗು ಕಚ್ಚಿಕೊಂಡರು. ಜೀಪಿನವರಲ್ಲಿ ಒಬ್ಬನಿಗೆ ಕೆಮ್ಮು ಬಂತು. ಆಗ ಇಸ್ತ್ರಿ ಎದ್ದ. ದನಿ ಏರಿಸಲಿಲ್ಲ.

“ನಾವು ಬಿಡೋ ನೀರು ನಿಯಮದ ಒಳಗೇ ಇದೆ. ಕಾಲುವೆಯಿಂದ ನೀರು ತರೋದು ನಿಮ್ಮ ಕೇರಿ ಹೆಂಗಸೇ. ಅಗೋ, ಅಲ್ಲಿ ಕೂತಿದ್ದಾಳೆ. ನಮ್ಮ ಮೇಲೆ ನಂಬಿಕೆ ಇಲ್ಲದಿದ್ರೆ ಅವಳನ್ನೇ ಕೇಳಿ.”

ತಲೆಗಳೆಲ್ಲ ಅವಳ ಕಡೆ ತಿರುಗಿದವು. ಅವಳು ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಅತ್ತೆ ಚಾಕು ಮಸೆಯುತ್ತ ಕೂತಳು. ಎಬ್ಬಿಸಲು ಚಿಪ್ಪಿಲ್ಲ, ಆದರೂ ಮಸೆಯುತ್ತಿದ್ದಳು. ಸೊಸೆ ತಾನಾಗಿಯೇ ಜಗ್ಗಿನ ವಿಷಯ ಹೇಳಿದಳು. ನೆರಳು, ಎಸಿ, ಸಮಾಧಾನ, ಎಲ್ಲ ಹೇಳಿದಳು. ಅತ್ತೆಯ ಕೈ ನಿಂತಿತು.

“ಇಷ್ಟು ದಿನ ನೀನು ನೀರು ಹೊರ್ತೀಯ ಅನ್ಕೊಂಡಿದ್ದೆ,” ಎಂದಳು. “ನೀನು ಈ ಮನೇನೇ ಹೊತ್ಕೊಂಡು ಹೋಗಿ ಅವರ ಟೇಬಲ್ ಮೇಲೆ ಇಡ್ತಿದ್ದೆಯಲ್ಲೇ.”

“ಕೆಲಸ ಬಿಟ್ರೆ ಒಲೆ ಉರಿಯೋದು ಹೇಗೆ?”

“ಉರಿಯೋಕೆ ಮೊದ್ಲು ಒಲೆ ಇಡೋಕೆ ಜಾಗ ಬೇಕು.”

ಸೊಸೆ ಕಾಲಿಗೆ ಬಿಳಿ ಪುಡಿ ಹಚ್ಚಿಕೊಂಡು ಮಲಗಿದಳು. ಮಾರನೆಯ ದಿನವೂ ಕೆಲಸಕ್ಕೆ ಹೋದಳು. ಅದರ ಮಾರನೆಯ ದಿನವೂ ಹೋದಳು. ಕೋಪ ಬಂದ ಕೂಡಲೇ ಕೆಲಸ ಬಿಡುವುದು ಸಂಬಳ ಉಳಿಸಿಟ್ಟವರ ಕೋಪ. ಅವಳ ಕೋಪಕ್ಕೆ ರಜೆ ಇರಲಿಲ್ಲ. ಅದೂ ಅವಳ ಜೊತೆ ಮೆಟ್ಟಿಲಿಳಿಯುತ್ತಿತ್ತು, ಹತ್ತುತ್ತಿತ್ತು, ಜಗ್ಗು ಸುರಿಯುತ್ತಿತ್ತು.

ಕೇರಿಯವರು ಸಹಿ ಹಾಕಿ, ಹೆಬ್ಬೆಟ್ಟೊತ್ತಿ ಅರ್ಜಿ ಕಳಿಸಿದ್ದರು. ಅದಕ್ಕೆ ಮೇಲಿನಿಂದ ತಪಾಸಣೆಯ ಸಮಿತಿಯೊಂದು ಬರುವುದಾಯಿತು. ನೀರನ್ನು ಸಮಿತಿಯ ಕಣ್ಣೆದುರೇ ಅಳೆಯಬೇಕು. ನಿಯಮದೊಳಗಿದ್ದರೆ ಕೇರಿ ಏಳಬೇಕು. ಮೀರಿದ್ದರೆ ಕೇರಿ ಎಬ್ಬಿಸುವ ನೋಟೀಸು ನಿಲ್ಲಬೇಕು. ಕೇರಿಯ ಹಣೆಬರಹ ಒಂದು ಬಕೆಟ್ಟಿಗೆ ಬಂದು ನಿಂತಿತು.

ಸಮಿತಿ ಬಂದ ದಿನ ಕಾಲುವೆಯ ದಡದಲ್ಲಿ ಶಾಮಿಯಾನ ಎದ್ದಿತು. ಕಾರು ನಿಲ್ಲುವಲ್ಲಿಂದ ಶಾಮಿಯಾನದವರೆಗೆ ಕೆಂಪು ಜಮಖಾನೆ ಹಾಸಿದ್ದರು. ಅಲ್ಲಿಂದ ಮೆಟ್ಟಿಲಿನವರೆಗೆ ಹಾಸಿರಲಿಲ್ಲ. ಅತ್ತ ಹೋಗುವವರು ಯಾರು? ಸಮಿತಿಯ ಹಿರಿಯನೊಬ್ಬ ಕೊಡೆ ಹಿಡಿದುಕೊಂಡೇ ಕೂತಿದ್ದ. ನಿದ್ದೆಗೆಟ್ಟ ಮುಖ, ಸವೆದ ಚಪ್ಪಲಿ. ಅವನ ಕಡೆಯವನೊಬ್ಬ ವಿಕಿರಣ ಅಳೆಯುವ ಪೆಟ್ಟಿಗೆಯನ್ನು ನೀರಿನತ್ತ, ನೆಲದತ್ತ, ಇಸ್ತ್ರಿಯತ್ತ ಹಿಡಿದ. ಪೆಟ್ಟಿಗೆ ಹೇಗಿತ್ತೋ ಹಾಗೇ ಟಿಕ್ ಟಿಕ್ ಎನ್ನುತ್ತಿತ್ತು, ಅರಚಲಿಲ್ಲ. ಎಲ್ಲರ ಮುಖ ಅರಳಿತು. ಅಣು ಎಂದರೆ ಎಲ್ಲರಿಗೂ ಭಯ. ಬಿಸಿನೀರು ಎಂದರೆ ಯಾರಿಗೂ ಭಯವಿಲ್ಲ, ಬಚ್ಚಲುಮನೆ ನೆನಪಾಗುತ್ತದೆ. ಚಿಪ್ಪನ್ನು ಕೊಂದದ್ದು ಆ ಬಚ್ಚಲಿನ ಸಾಮಾನೇ.

ಇಸ್ತ್ರಿ ಬೆಳಿಗ್ಗೆಯೇ ಅವಳನ್ನು ಪಂಪ್‌ಹೌಸಿನ ಹಿಂದಕ್ಕೆ ಕರೆದೊಯ್ದು ತೋರಿಸಿದ್ದ. ಗೋಡೆಯ ಬುಡದಲ್ಲಿ, ಒದ್ದೆ ಗೋಣಿಯಡಿ ಎರಡು ಜಗ್ಗು ತಣ್ಣೀರು. ಇವತ್ತು ಲ್ಯಾಬಿನವರೆಗೆ ನಡೆಯುವುದಿಲ್ಲ, ಆದ್ದರಿಂದ ಎರಡು. ಅರ್ಧ ಬಕೆಟ್ ಚೆಲ್ಲಿ ಎರಡನ್ನೂ ಸುರಿಯಬೇಕು. ಚೆನ್ನಾಗಿ ಸಮಾಧಾನವಾಗಬೇಕು. ಮುಗಿದ ಮೇಲೆ ಅವಳ ಖಾಯಮಾತಿಯ ಬಗ್ಗೆ ಮೇಲಿನವರ ಕಿವಿಗೆ ಹಾಕುತ್ತೇನೆ ಎಂದೂ ಅಂದಿದ್ದ. ಆಗ ಅವನು ಮೊದಲ ಸಲ ಅವಳ ಮುಖ ನೋಡಿ ಮಾತಾಡಿದ್ದ.

ಅವಳು ಮೆಟ್ಟಿಲಿಳಿದಳು. ನೀರು ಹುಣ್ಣನ್ನು ಕಚ್ಚಿತು. ಬಕೆಟ್ ಮುಳುಗಿಸಿ ಎತ್ತಿದಳು. ಹತ್ತುವಾಗ ಹಿಡಿಕೆ ಅಂಗೈಯನ್ನು ಕೊಯ್ಯಿತು. ಶಾಮಿಯಾನಕ್ಕೆ ಕಾಣದ ಹಾಗೆ ಪಂಪ್‌ಹೌಸಿನ ಹಿಂದೆ ಬಂದು ಬಕೆಟ್ ಇಳಿಸಿದಳು. ಗೋಣಿ ಸರಿಸಿದಳು. ಜಗ್ಗುಗಳು ಬೆವರುತ್ತಿದ್ದವು. ಅವಳೂ ಬೆವರುತ್ತಿದ್ದಳು.

ಒಂದು ಜಗ್ಗು ಎತ್ತಿದಳು. ಬಕೆಟ್ಟಿನ ಮೇಲೆ ಹಿಡಿದಳು. ಕೈಗೆ ರೂಢಿಯಾಗಿತ್ತು, ಬಗ್ಗಿತು. ಒಂದು ಹನಿ ಬಿತ್ತು. ಆ ಹನಿಯನ್ನು ನೋಡಿದಾಗ ಅವಳಿಗೆ ದೇಶ ನೆನಪಾಗಲಿಲ್ಲ, ಸಮುದ್ರ ನೆನಪಾಗಲಿಲ್ಲ, ಕೇರಿಯೂ ನೆನಪಾಗಲಿಲ್ಲ. ಸೋಪು ನೆನಪಾಯಿತು. ಮೂರು ಜನ ಗುಮಾಸ್ತರು ನೆನಪಾದರು.

ಜಗ್ಗನ್ನು ಬಾಯಿಗಿಟ್ಟಳು.

ಎಂಥ ನೀರು ಅದು. ಹಲ್ಲು ಜುಮ್ಮೆಂದಿತು. ಎದೆಯೊಳಗೆ ಗೆರೆ ಎಳೆದ ಹಾಗೆ ಇಳಿಯಿತು. ನಿಲ್ಲಿಸದೆ ಕುಡಿದಳು, ಗಲ್ಲದಿಂದ ಇಳಿದು ರವಿಕೆ ಒದ್ದೆಯಾಯಿತು, ಆದರೂ ಕುಡಿದಳು. ತಳ ಕಂಡಾಗ ಒಂದು ದೊಡ್ಡ ತೇಗು ಬಂತು. ಪಂಪ್‌ಹೌಸಿನ ಗದ್ದಲ ಇಲ್ಲದಿದ್ದರೆ ಶಾಮಿಯಾನದವರೆಗೂ ಕೇಳಿಸುತ್ತಿತ್ತು. ಎರಡನೆಯ ಜಗ್ಗು ಹೊಟ್ಟೆಗೆ ಹಿಡಿಸುವ ಹಾಗಿರಲಿಲ್ಲ. ಕಲ್ಲಿನ ಮೇಲೆ ಕೂತು ಸೀರೆ ಮೊಣಕಾಲಿನವರೆಗೆ ಎತ್ತಿ, ಕಾಲಿನ ಮೇಲೆ ನಿಧಾನವಾಗಿ ಸುರಿದುಕೊಂಡಳು. ಮೊದಲು ಎಡಗಾಲಿಗೆ, ಆಮೇಲೆ ಬಲಗಾಲಿಗೆ. ಉರಿ ಇಳಿಯಿತು. ಅಂತೂ ಯಾರಿಗೋ ಒಬ್ಬರಿಗೆ ಸಮಾಧಾನವಾಯಿತು.

ಬಕೆಟ್ ಹೊತ್ತು ಶಾಮಿಯಾನಕ್ಕೆ ಬಂದಳು. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಇಟ್ಟಳು.

ಇಸ್ತ್ರಿ ಮದುವೆಮನೆಯ ನಗು ನಕ್ಕು ಥರ್ಮಾಮೀಟರ್ ಅದ್ದಿದ. ಬೆಳಿಗ್ಗೆ ಎಳೆದುಕೊಂಡ ನೀರು ಇಪ್ಪತ್ತೊಂಬತ್ತು ಇತ್ತು. ಕೆಂಪು ಗೆರೆ ಮೂವತ್ತಾರರ ಹತ್ತಿರ ಬಂತು. ನಿಲ್ಲಲಿಲ್ಲ. ಅವನ ನಗು ನಿಂತಿತು. ಗೆರೆ ಏರುತ್ತಲೇ ಹೋಯಿತು. ಕೊಡೆಯ ಹಿರಿಯ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿ, ನಲವತ್ತೊಂದು ಎಂದು ತನಗೇ ಹೇಳಿಕೊಳ್ಳುವವನಂತೆ ಹೇಳಿದ.

ಇಸ್ತ್ರಿ ಅವಳ ಬಳಿ ಸರಿದು ತುಟಿ ಅಲ್ಲಾಡಿಸದೆ ಕೇಳಿದ. “ಜಗ್ಗು?”

“ಕುಡಿದೆ.”

“ಏನ್ ಕುಡಿದೆ?”

“ನೀರು. ಬಾಯಾರಿತ್ತು.”

“ಇನ್ನೊಂದು?”

“ಕಾಲಿಗೆ ಹುಯ್ಕೊಂಡೆ. ಸ್ನಾನ ಮಾಡು ಅಂದಿದ್ರಲ್ಲ ಡಾಕ್ಟ್ರು.”

ಅವಳು ಪಿಸುಗುಟ್ಟಲಿಲ್ಲ. ಹಿರಿಯನಿಗೆ ಕೇಳಿಸಿತು, ಯಾವ ಜಗ್ಗು ಎಂದು ಕೇಳಿದ. ಇಸ್ತ್ರಿಯ ಹಣೆಯಲ್ಲಿ ನೀರಿಳಿಯಿತು. ಆ ಜಗ್ಗಿನಿಂದ ಅವಳು ಏನು ಮಾಡಬೇಕಿತ್ತು ಎಂದು ಹೇಳುವ ಹಾಗಿಲ್ಲ, ಮಾಡಿದ್ದು ತಪ್ಪು ಎಂದು ಬೈಯುವ ಹಾಗೂ ಇಲ್ಲ. ಕುಡಿಯುವ ನೀರಿನ ಜಗ್ಗು ಎಂದ. ಕುಡಿದಳಲ್ಲ, ಸರಿಯೇ ಆಯಿತಲ್ಲ ಎಂದ ಹಿರಿಯ. ಬಕೆಟ್ ಬಿಸಿಲಿಗೆ ಕಾದಿರಬೇಕು ಎಂದು ಇಸ್ತ್ರಿ ತೊದಲಿದ. ಒಂದು ಬಕೆಟ್ಟಿನ ಮಾತು ನಂಬಬಾರದು ಎಂದ.

ಹಿರಿಯ ಅದಕ್ಕೆ ಒಪ್ಪಿದ. “ಹಾಗಾದ್ರೆ ಮುಂದಿನ ವಾರ ಬಕೆಟ್ಟೇ ಬೇಡ. ಥರ್ಮಾಮೀಟರ್ ಹಿಡ್ಕೊಂಡು ನಿಮ್ಮವರು ಯಾರಾದ್ರೂ ಕಾಲುವೆಗೇ ಇಳೀಲಿ. ನಾವು ಮೆಟ್ಟಿಲ ಮೇಲಿಂದ ನೋಡ್ತೀವಿ.”

ಇಸ್ತ್ರಿಗೆ ತಲೆ ಇದ್ದಿದ್ದರೆ ಆ ಒಂದು ವಾರ ಅವಳಿಗೆ ಅದೇ ಕೂಲರಿನ ನೀರು ಕುಡಿಸಿ ಸಾಕುತ್ತಿದ್ದ. ಅವನಿಗೆ ಇದ್ದದ್ದು ಪ್ಯಾಂಟಿನ ಗೆರೆ. ಮಾರನೆಯ ದಿನವೇ ಅವಳನ್ನು ಕೆಲಸದಿಂದ ತೆಗೆದ. ಆರೋಪ ಬರೆಯುವಾಗ ಎಲ್ಲರಿಗೂ ಕಷ್ಟವಾಯಿತಂತೆ. ನೀರಿಗೆ ತಣ್ಣೀರು ಬೆರೆಸಲಿಲ್ಲ ಎಂದು ಬರೆಯುವುದು ಹೇಗೆ? ಕೊನೆಗೆ, ಖಾಯಂ ನೌಕರರಿಗೆ ಮೀಸಲಾದ ನೀರನ್ನು ಅನುಮತಿಯಿಲ್ಲದೆ ಕುಡಿದದ್ದು ಹಾಗೂ ಕಾಲಿಗೆ ಸುರಿದು ಪೋಲು ಮಾಡಿದ್ದು ಎಂದು ಓದಿ ಹೇಳಿದರು. ಖಾಯಂ ನೌಕರರ ನೀರು ಪಂಪ್‌ಹೌಸಿನ ಹಿಂದೆ ಗೋಣಿ ಹೊದ್ದು ಏನು ಮಾಡ್ತಿತ್ತು ಎಂದು ಅವಳು ಕೇಳಿದಳು. ಗುಮಾಸ್ತನೊಬ್ಬ ನಕ್ಕು, ತಕ್ಷಣ ಸೀನಿದವನಂತೆ ಮಾಡಿದ.

ಆಮೇಲೆ ಶುರುವಾಯಿತು ತಮಾಷೆ. ಕಾಲುವೆಗಿಳಿಯಲು ಆಳು ಬೇಕು. ಖಾಯಂ ನೌಕರರು ಅದು ನಮ್ಮ ಕೆಲಸವಲ್ಲ ಎಂದರು. ಅವರ ಸಂಘ ಇನ್ನೂ ಗಟ್ಟಿಯಾಗಿ ಹೇಳಿತು. ಗುತ್ತಿಗೆದಾರ ಕೇರಿಗೆ ಬಂದು ಮನೆಮನೆ ಕೇಳಿದ. ಕೂಲಿ ಹೆಚ್ಚಿಸಿದ. ಒಲೆ ಆರಿದ ಮನೆಯ ಹೆಂಗಸರೂ ತಲೆಯಾಡಿಸಿದರು, ಅಡ್ಡಡ್ಡಕ್ಕೆ. ಅತ್ತೆ ಅವನನ್ನು ಕೂರಿಸಿ, ನಿನ್ನ ಹೆಂಡತಿ ಕಾಲು ಚೆನ್ನಾಗಿದೆಯಾ, ಅವಳನ್ನೇ ಇಳಿಸು, ಕೂಲಿ ಮನೆಯಲ್ಲೇ ಉಳಿಯುತ್ತದೆ ಎಂದು ಬುದ್ಧಿ ಹೇಳಿದಳು. ಅವನು ಪಟ್ಟಣದಿಂದ ಒಬ್ಬನನ್ನು ಕರೆತಂದ. ಮೆಟ್ಟಿಲ ಪಕ್ಕದಲ್ಲಿ ಕೇರಿಯ ಹೆಂಗಸರು ಸಾಲಾಗಿ ಕೂತು ಚಿಪ್ಪಿನ ಚಾಕು ಮಸೆಯುತ್ತಿದ್ದರು. ಯಾರೂ ಅವನಿಗೆ ಏನೂ ಅನ್ನಲಿಲ್ಲ. ಬರೀ ಮಸೆದರು. ಅವನು ಮೂತ್ರಕ್ಕೆಂದು ಹೋದವನು ತಿರುಗಿ ಬರಲಿಲ್ಲ.

ಹೇಳಿದ ದಿನಕ್ಕೆ ಸಮಿತಿ ಬಂತು. ಈ ಸಲ ಶಾಮಿಯಾನವಿಲ್ಲ. ಹಿರಿಯ ಕೊಡೆ ಹಿಡಿದು ಮೆಟ್ಟಿಲ ತಲೆಯಲ್ಲಿ ನಿಂತ. ದಡದ ತುಂಬ ಕೇರಿ ನೆರೆದಿತ್ತು. ಅವಳು ಅತ್ತೆಯ ಪಕ್ಕದಲ್ಲಿ, ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಹಿರಿಯ ಸುತ್ತಲೂ ನೋಡಿ, ಯಾರು ಇಳಿಯುತ್ತಾರೆ ಎಂದ. ಗುತ್ತಿಗೆದಾರ ಇಸ್ತ್ರಿಯನ್ನು ನೋಡಿದ. ಗುಮಾಸ್ತರು ಇಸ್ತ್ರಿಯನ್ನು ನೋಡಿದರು. ಇಸ್ತ್ರಿ ಸಮುದ್ರ ನೋಡಿದ. ಅದು ಕ್ಯಾಲೆಂಡರಿನಲ್ಲಿದ್ದ ಹಾಗಿರಲಿಲ್ಲ.

ಅವನು ಬೂಟು ಬಿಚ್ಚಿದ. ಕಾಲುಚೀಲ ಬಿಚ್ಚಿ ಮಡಿಚಿ ಬೂಟಿನೊಳಗಿಟ್ಟ. ಪ್ಯಾಂಟನ್ನು ಮೊಣಕಾಲಿಗೆ ಮಡಿಸಿದ. ಗೆರೆ ಹೋಯಿತು. ಕಾಲು ಬೆಳ್ಳಗೆ, ಬಿಸಿಲು ಕಾಣದ ಮೂಲಂಗಿಯಂತಿತ್ತು. ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು, ಪಾಚಿಯ ಮೇಲೆ ಕುಂಡೆ ಊರಿಕೊಂಡೇ ಇಳಿದ. ನೀರಿಗೆ ಪಾದವಿಟ್ಟ. ತಟ್ಟನೆ ಮೇಲೆಳೆದುಕೊಂಡ.

“ಹೇಗಿದೆ?” ಮೇಲಿನಿಂದ ಹಿರಿಯ ಕೇಳಿದ.

“ಸ್ವಲ್ಪ... ಬೆಚ್ಚಗಿದೆ.”

ದಡ ಗೊಳ್ಳೆಂದು ನಕ್ಕಿತು. ಅತ್ತೆ ಎದ್ದು ನಿಂತಳು. “ಇಳೀರಿ ಸಾಹೇಬ್ರೇ, ನಾಚ್ಕೋಬೇಡಿ. ದಿನಾ ಸ್ನಾನ ಮಾಡದೇ ಇರೋದೇ ನಿಮ್ಮ ಕಾಯಿಲೆ.”

ಅವನು ಇಳಿದ. ತೊಡೆಯವರೆಗೆ ನೀರು. ಥರ್ಮಾಮೀಟರ್ ಮುಳುಗಿಸಿ, ಹಲ್ಲು ಕಚ್ಚಿ ನಿಂತ. ಅಂದು ಕ್ಲೋರಿನ್ ಬೆರೆಸಿದ ದಿನ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಇನ್ನೂ ಸ್ವಲ್ಪ ನಿಲ್ಲಿ, ಗೆರೆ ಪೂರ್ತಿ ಏರಲಿ ಎಂದು ಮೇಲಿನವರು ಹೇಳುತ್ತಿದ್ದರು. ನಿಂತ. ಕೊನೆಗೆ ಸಂಖ್ಯೆಯನ್ನು ಅವನೇ ಓದಬೇಕಾಯಿತು, ಅವನ ಬಾಯಿಂದಲೇ. ನಲವತ್ತೆರಡು. ಹಿರಿಯ ಇನ್ನೊಮ್ಮೆ ಹೇಳಿ ಎಂದ. ಕೇರಿಗೂ ಕೇಳಿಸಲಿ ಎಂದೇ ಇರಬೇಕು. ಇಸ್ತ್ರಿ ಇನ್ನೊಮ್ಮೆ ಹೇಳಿದ.

ಯಾರೂ ಜೈಕಾರ ಹಾಕಲಿಲ್ಲ. ನೋಟೀಸು ನಿಂತೀತು, ಆದರೆ ಬೆಂದ ಚಿಪ್ಪು ಬದುಕುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಸಮಿತಿ ಕಾರು ಹತ್ತಿತು. ಗುತ್ತಿಗೆದಾರ, ಗುಮಾಸ್ತರು ಅದರ ಹಿಂದೆ ಓಡಿದರು. ಇಸ್ತ್ರಿಯನ್ನು ಮೇಲೆತ್ತಲು ಯಾರೂ ಉಳಿಯಲಿಲ್ಲ.

ಅವನು ನಾಲ್ಕು ಕಾಲಿನಲ್ಲಿ ಮೆಟ್ಟಿಲು ಹತ್ತಿದ. ಕಾಲು ಕೆಂಪಗಾಗಿತ್ತು. ಬಿಸಿಲು ನೆತ್ತಿಯ ಮೇಲಿತ್ತು. ಬೂಟನ್ನು ಕೈಯಲ್ಲಿ ಹಿಡಿದು, ತುಟಿ ನೆಕ್ಕುತ್ತ, ಹೆಂಗಸರ ಸಾಲಿನೆದುರು ನಿಂತ. ಅತ್ತೆಯ ಪಕ್ಕದಲ್ಲಿ ಒಂದು ತಂಬಿಗೆ ಇತ್ತು. ಅವನ ಕಣ್ಣು ಅಲ್ಲಿಗೆ ಹೋಯಿತು, ಅಲ್ಲಿಂದ ಅವಳ ಕಡೆಗೆ ಬಂತು.

ಅವಳು ತಂಬಿಗೆ ಎತ್ತಿಕೊಂಡಳು. ನಿಧಾನವಾಗಿ ಕುಡಿದಳು. ಬಾಯಿ ಒರೆಸಿಕೊಂಡಳು.

“ಬಾಯಾರಿದ್ರೆ ಗೇಟ್ ಹತ್ರ ಡ್ರಮ್ ಇದೆ ಸಾರ್.”